14 ಅಡಿ ಕಿಟಕಿ ನೋಡೋಕೆ ಹೋದ ನಾಲ್ಕು ದಿನ

ಮೊದಲ ದಿನ, ಮಾರ್ಚ್ 18, ಬೆಂಗಳೂರಿನಿಂದ ಚಿತ್ರದುರ್ಗಕ್ಕೆ

ಅಕ್ಕನ ಫೋನ್ ಬಂದಾಗ ರಾತ್ರಿ ಹತ್ತು ದಾಟಿತ್ತು. ದಾವಣಗೆರೆಯಲ್ಲಿ ಅವಳ ಮನೆ ಕಟ್ಟಡ ನಡೆಯುತ್ತಿದೆ. ಪಿಲ್ಲರ್ ಎದ್ದು ಮೇಲಿನ ಮೋಲ್ಡ್ ಕೂಡ ಆಗಿದೆ, ಗೋಡೆ ಇನ್ನೂ ಕಟ್ಟಿಲ್ಲ. ಅಷ್ಟರಲ್ಲೇ ಒಂದು ತಕರಾರು. ಹಾಲ್‌ಗೆ 14 ಅಡಿ ಉದ್ದ, ನಾಲ್ಕು ಅಡಿ ಎತ್ತರದ ಒಂದೇ ಕಿಟಕಿ ಅಂತ ನಕ್ಷೆಯಲ್ಲಿದೆ. ಭಾವನಿಗೆ ಅದು ರೋಡಿನ ಕಡೆ, ಅಂದ್ರೆ ಪಶ್ಚಿಮಕ್ಕೆ ಬೇಕು. ಎಲಿವೇಶನ್, ಅಂದ್ರೆ ಮನೆಯ ಮುಂಭಾಗ, ಎದ್ದು ಕಾಣಬೇಕು ಅನ್ನೋದು ಅವರ ಆಸೆ. ಅಕ್ಕನಿಗೆ ಆ ಕಿಟಕಿ ಬೇಕಾಗಿರೋದು ಅವ್ವನಿಗೋಸ್ಕರ. ಅವ್ವನಿಗೆ ಮಂಡಿ ನೋವು, ಹೊರಗೆ ಓಡಾಟ ಕಡಿಮೆಯಾಗಿದೆ. ಕೂತಲ್ಲಿಂದಲೇ ಆಚೆ ಏನಾದರೂ ಕಾಣ್ತಾ ಇರಬೇಕು. "ನೀನು ಇಪ್ಪತ್ತು ವರ್ಷದಿಂದ ನಕ್ಷೆ ಬರೀತಿದ್ದೀಯಲ್ಲ, ಒಂದ್ಸಲ ಬಂದು ನೋಡಿ ಹೇಳೋ ತಮ್ಮಾ" ಅಂದಳು.

ನಾಲ್ಕು ದಿನ ರಜೆ ಹಾಕಿದೆ. ದುರ್ಗದಲ್ಲಿ ಗೆಳೆಯನಿದ್ದಾನೆ, ಎರಡು ರಾತ್ರಿ ಅವನ ಹತ್ತಿರ ಉಳಿದು ಆಮೇಲೆ ದಾವಣಗೆರೆಗೆ ಹೋಗೋದು ಅಂತ ಲೆಕ್ಕ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ತುಮಕೂರು, ಸಿರಾ, ಹಿರಿಯೂರು. ಸಿರಾ ದಾಟಿದ ಮೇಲೆ ನೆಲ ಬರ್ತಾ ಬರ್ತಾ ಒಣಗುತ್ತೆ, ಜಾಲಿ ಗಿಡ, ಕೆಂಪು ಹೊಲ, ದೂರದಲ್ಲಿ ಬೋಳು ಗುಡ್ಡ, ಗುಡ್ಡದ ಮೇಲೆ ಸುಮ್ನೆ ತಿರುಗುತ್ತಿರುವ ಗಾಳಿಯಂತ್ರಗಳು. ಬಸ್ಸಿನ ಕಿಟಕಿ ಮುಂದಿನಿಂದ ಹಿಂದಿನವರೆಗೆ ಒಂದೇ ಪಟ್ಟಿ. ನಡುವೆ ಗೋಡೆ ಅನ್ನೋದೇ ಇಲ್ಲ. ಬಯಲುಸೀಮೆಯ ಅಗಲವನ್ನು ನೋಡೋಕೆ ಇದಕ್ಕಿಂತ ಒಳ್ಳೆ ಚೌಕಟ್ಟು ಬೇಕಾ ಅನ್ನಿಸಿತು. ಉದ್ದ ಕಿಟಕಿಯನ್ನು ಮನೆಗಳಲ್ಲಿ ಹೆಸರುವಾಸಿ ಮಾಡಿದ ಲೆ ಕಾರ್ಬುಸಿಯೆ ಅನ್ನೋ ವಾಸ್ತುಶಿಲ್ಪಿಗೂ ಹಡಗು, ಕಾರು, ವಿಮಾನ ಅಂದ್ರೆ ಪ್ರಾಣ. ಮನೆ ಕಟ್ಟುವವರು ಅವುಗಳಿಂದ ಕಲಿಯಬೇಕು ಅಂತ ಬರೆದವನು ಅವನು. 1920ರ ದಶಕದಲ್ಲಿ ಹೊಸ ಕಟ್ಟಡಕ್ಕೆ ಐದು ಸೂತ್ರ ಕೊಟ್ಟ. ಕಂಬದ ಮೇಲೆ ಎದ್ದ ಮನೆ, ಒಳಗೆ ಬೇಕಾದ ಕಡೆ ಗೋಡೆ, ಹೊರೆ ಇಲ್ಲದ ಮುಂಭಾಗ, ಉದ್ದಕ್ಕೆ ಮಲಗಿದ ಕಿಟಕಿ, ತಾರಸಿಯ ಮೇಲೆ ತೋಟ. ನಮ್ಮ ಬಡಾವಣೆಗಳಲ್ಲಿ ಈಗ ಏಳುತ್ತಿರುವ ಎಷ್ಟೋ ಮನೆಗಳಲ್ಲಿ ಈ ಐದರಲ್ಲಿ ಎರಡಾದರೂ ಇರುತ್ತೆ, ಕಟ್ಟಿಸುವವರು ಅವನ ಹೆಸರು ಕೇಳಿರಲಿ ಬಿಡಲಿ.

ಸಂಜೆ ದುರ್ಗ ಮುಟ್ಟಿದಾಗಲೂ ಬಂಡೆಗಳಿಂದ ಧಗೆ ಬರುತ್ತಿತ್ತು. ಊಟ ಮಾಡಿ ಮಲಗಿದೆವು.

ಎರಡನೇ ದಿನ, ಮಾರ್ಚ್ 19, ಕೋಟೆ ಮತ್ತು ಮಾಳಿಗೆ ಮನೆ

ಬಿಸಿಲೇರುವ ಮೊದಲು ಹತ್ತಿಬಿಡೋಣ ಅಂತ ಬೆಳಗ್ಗೆ ಬೇಗ ಹೊರಟೆವು. ಏಳು ಸುತ್ತಿನ ಕೋಟೆಯನ್ನು ಚಿಕ್ಕಂದಿನಿಂದ ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಈ ಸಲ ಕಣ್ಣು ಹೋಗಿದ್ದು ಬರೀ ತೂತುಗಳ ಕಡೆಗೆ. ಗೋಡೆಯ ತೆನೆಗಳಲ್ಲಿ ಬಂದೂಕಿನ ಕಿಂಡಿಗಳಿವೆ. ಒಳಗಿನವನಿಗೆ ಹೊರಗೆ ಕಾಣಬೇಕು, ಹೊರಗಿನವನಿಗೆ ಒಳಗಿನವನು ಕಾಣಬಾರದು. ಇದೂ ಒಂದು ಬಗೆಯ ಕಿಟಕಿಯೇ ಅಲ್ವಾ? ಓಬವ್ವನ ಕಿಂಡಿ ಅಂತೂ ಎಲ್ಲರಿಗೂ ಗೊತ್ತು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬರಬೇಕಾಗಿದ್ದ ಸಂದು, ಈಚೆ ಕಡೆ ಒನಕೆ ಹಿಡಿದು ನಿಂತ ಹೆಂಗಸು. ಆ ಸಂದು ಅಷ್ಟು ಇಕ್ಕಟ್ಟಾಗಿ ಇದ್ದಿದ್ದರಿಂದಲೇ ಒಬ್ಬಳು ಅಷ್ಟು ಜನರನ್ನು ತಡೆಯೋಕೆ ಆಯಿತು. ಕೋಟೆ 1779ರಲ್ಲಿ ಬಿತ್ತು ನಿಜ, ಆದರೆ ದುರ್ಗದ ಜನರ ಬಾಯಲ್ಲಿ ಉಳಿದಿರೋದು ಗೆದ್ದವನ ಹೆಸರಿಗಿಂತ ಜಾಸ್ತಿ ಓಬವ್ವನ ಹೆಸರು.

ಏಕನಾಥೇಶ್ವರಿ ಗುಡಿ ಕಡೆಯಿಂದ ಸ್ವಲ್ಪ ಮೇಲೆ ಹೋಗಿ ಒಂದು ದೊಡ್ಡ ಬಂಡೆಯ ಕೆಳಗೆ ಕೂತೆವು. ಮೇಲಿನ ಬಂಡೆ ಮುಂದಕ್ಕೆ ಚಾಚಿಕೊಂಡಿದೆ, ಕೆಳಗಿನದು ಜಗುಲಿಯ ಹಾಗೆ ಚಪ್ಪಟೆ. ಎರಡರ ನಡುವೆ ಆಳೆತ್ತರಕ್ಕಿಂತ ಕಡಿಮೆ ಜಾಗ. ಅಲ್ಲಿ ಕೂತು ನೋಡಿದರೆ ಊರು, ಹೊಲ, ದೂರದ ಗುಡ್ಡ ಎಲ್ಲ ಒಂದು ಉದ್ದನೆಯ ಪಟ್ಟಿಯಲ್ಲಿ ಕಾಣಿಸುತ್ತೆ. ಮೇಲಿನ ಆಕಾಶ ಬಂಡೆಯಿಂದ ಮುಚ್ಚಿದೆ, ಹಾಗಾಗಿ ಕಣ್ಣು ಕೋರೈಸೋದಿಲ್ಲ. ಬಿಸಿಲು ನಮ್ಮ ಕಾಲಿನ ಹತ್ತಿರಕ್ಕೆ ಬಂದು ನಿಂತಿತ್ತು, ಮೈ ಮುಟ್ಟಿರಲಿಲ್ಲ. ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದೆವು. ಉದ್ದ ಕಿಟಕಿಯ ಪೂರ್ತಿ ಪಾಠ ಅಲ್ಲಿತ್ತು ಅಂತ ಈಗ ಅನ್ನಿಸುತ್ತೆ. ಉದ್ದ ಇದೆ, ಆ ಉದ್ದಕ್ಕೆ ತಕ್ಕ ನೋಟ ಇದೆ, ನೆತ್ತಿಯ ಮೇಲೆ ಚಾಚಿದ ಸಜ್ಜಾ ಇದೆ.

ಚಂದ್ರವಳ್ಳಿಗೂ ಹೋಗಿ ಬಂದೆವು. ಅಂಕಲಿ ಮಠದ ನೆಲದಡಿಯ ಕೋಣೆಗಳಿಗೆ ಮೊಬೈಲ್ ಟಾರ್ಚ್ ಹಿಡಿದು ಇಳಿದರೆ ಹೊರಗಿನ ಧಗೆ ಮರೆತೇ ಹೋಗುತ್ತೆ. ಬೆಳಕನ್ನು ಪೂರ್ತಿ ಬಿಟ್ಟುಕೊಟ್ಟು ತಂಪನ್ನು ಪಡೆದ ಜಾಗ ಅದು.

ಮಧ್ಯಾಹ್ನ ಗೆಳೆಯನ ಹಳ್ಳಿಗೆ ಹೋದೆವು. ಅವನ ಅಜ್ಜನ ಕಾಲದ ಮಾಳಿಗೆ ಮನೆ ಇನ್ನೂ ಗಟ್ಟಿಯಾಗಿದೆ. ಕಲ್ಲು ಮಣ್ಣಿನ ಗೋಡೆ, ಹತ್ತಿರ ಹತ್ತಿರ ಎರಡು ಅಡಿ ದಪ್ಪ. ಮೇಲೆ ತೊಲೆ, ಜಂತೆ, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ಆ ಮಣ್ಣಿನ ಭಾರವನ್ನೆಲ್ಲ ಹೊರೋದು ಗೋಡೆ. ಹಾಗಾಗಿ ಗೋಡೆಯಲ್ಲಿ ತೂತು ಮಾಡೋಕೆ ಹೆದರಿಕೆ. ಇಡೀ ಪಡಸಾಲೆಗೆ ಎರಡೇ ಕಿಟಕಿ, ಒಂದೊಂದೂ ಒಂದೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರ. ಮೇಲೆ ಕಲ್ಲು ಚಪ್ಪಡಿ. ಕಲ್ಲು ಎಷ್ಟು ಭಾರ ಬೇಕಾದರೂ ತಲೆ ಮೇಲೆ ಹೊರುತ್ತೆ, ಆದರೆ ಎರಡು ತುದಿ ಹಿಡಿದು ನಡುವೆ ಬಗ್ಗಿಸಿದರೆ ಕೆಳಗಿನಿಂದ ಬಿರಿದುಕೊಳ್ಳುತ್ತೆ. ಅಡಿಯೊಂದಕ್ಕೆ ಬೀಳುವ ಭಾರ ಅಷ್ಟೇ ಇದ್ದು ಕಿಟಕಿಯ ಅಗಲ ಎರಡು ಪಟ್ಟು ಮಾಡಿದರೆ ಬಗ್ಗಿಸುವ ಒತ್ತಡ ನಾಲ್ಕು ಪಟ್ಟಾಗುತ್ತೆ. ಭಾರ ಹೊರುವ ಗೋಡೆಗಳಲ್ಲಿ ಹಳೇ ಕಿಟಕಿಗಳು ಹೆಚ್ಚಾಗಿ ಸಣ್ಣಗೆ ಉದ್ದಕ್ಕೆ ನಿಂತಿರೋದಕ್ಕೆ ಒಂದು ದೊಡ್ಡ ಕಾರಣ ಇದು. ರುಚಿ, ಸಂಪ್ರದಾಯ ಎಲ್ಲ ಆಮೇಲೆ ಬಂದಿದ್ದು.

ಹಾಗಂತ ಮನೆ ಕತ್ತಲೆ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಗವಾಕ್ಷಿ ಇದೆ. ಮಳೆ ಬಂದಾಗ ಮುಚ್ಚೋಕೆ ಒಂದು ತಗಡು, ತಗಡಿನ ಮೇಲೆ ಒಂದು ಕಲ್ಲು. ನಾವು ಹೋದಾಗ ಗವಾಕ್ಷಿಯಿಂದ ಒಂದು ಬಿಸಿಲ ಬಿಲ್ಲೆ ನೆಲಕ್ಕೆ ಬಿದ್ದಿತ್ತು, ರೊಟ್ಟಿಯಷ್ಟು ಅಗಲ. ಅಡುಗೆಮನೆಯಿಂದ ಒಗ್ಗರಣೆ ಹೊಗೆ ಬಂದು ಆ ಬೆಳಕಿನ ಕೋಲಿನೊಳಗೆ ಸುತ್ತಿ ಸುತ್ತಿ ಮೇಲೆ ಹೋಗುತ್ತಿತ್ತು. ಗೆಳೆಯನ ಅವ್ವ ಹೇಳಿದರು, "ನಮ್ಮತ್ತಿ ಗಡಿಯಾರ ನೋಡ್ತಿರ್ಲಿಲ್ಲಪ್ಪ. ಬಿಸ್ಲು ಒಳ್ಳಿಗೆ ಬಂತು ಅಂದ್ರ ಬುತ್ತಿ ಕಟ್ಟೋ ಹೊತ್ತು." ಒಳ್ಳು ನೆಲದಲ್ಲೇ ಹುಗಿದಿದೆ, ಒನಕೆಯ ಏಟಿಗೆ ಸವೆದು ನುಣ್ಣಗಾಗಿದೆ. ನಾನು ಅಲ್ಲೇ ಕೂತಿದ್ದೆ, ಬಿಲ್ಲೆ ಒಳ್ಳಿನ ಅಂಚು ದಾಟಿ ಕಂಬದ ಬುಡಕ್ಕೆ ಹೋಗುವವರೆಗೂ.

ರಾತ್ರಿ ಗೆಳೆಯ ಕೇಳಿದ, "ಇಷ್ಟು ಚೆನ್ನಾಗಿ ಇರುವಾಗ ಉದ್ದ ಕಿಟಕಿ ಯಾಕೆ ಬೇಕು?" ನಾನು ಪೆರೆಯ ವಿಷಯ ಹೇಳಿದೆ. ಓಗುಸ್ತ್ ಪೆರೆ ಅಂತ ಫ್ರಾನ್ಸ್‌ನ ದೊಡ್ಡ ವಾಸ್ತುಶಿಲ್ಪಿ. ಕಾಂಕ್ರೀಟಿನಲ್ಲಿ ಪಳಗಿದ ಕೈ. ಕಾರ್ಬುಸಿಯೆ ಹುಡುಗನಾಗಿದ್ದಾಗ ಅವನ ಹತ್ತಿರವೇ ಕೆಲಸ ಮಾಡಿದ್ದ. 1923ರ ಹೊತ್ತಿಗೆ ಇಬ್ಬರಿಗೂ ಕಿಟಕಿಯ ಮೇಲೆ ಬಹಿರಂಗವಾಗಿಯೇ ಜಗಳ ಬಿತ್ತು. ಪೆರೆಯ ವಾದ ಹೀಗೆ: ಕಿಟಕಿ ಮನುಷ್ಯನ ಹಾಗೆ ನಿಂತಿರಬೇಕು. ನಿಂತ ಕಿಟಕಿಯಲ್ಲಿ ಅಂಗಳ ಕಾಣುತ್ತೆ, ಬೀದಿ ಕಾಣುತ್ತೆ, ಎದುರಿನ ಮರ, ಅದರ ಮೇಲಿನ ಆಕಾಶ, ಎಲ್ಲ ಹತ್ತಿರದಿಂದ ದೂರದವರೆಗೆ ಸಾಲಾಗಿ ಕಾಣುತ್ತೆ. ಮಲಗಿದ ಕಿಟಕಿ ನೆಲವನ್ನೂ ಕತ್ತರಿಸುತ್ತೆ, ಆಕಾಶವನ್ನೂ ಕತ್ತರಿಸುತ್ತೆ. ಕಾರ್ಬುಸಿಯೆ ಹೇಳಿದ್ದು ಬೆಳಕಿನ ಮಾತು. ಎರಡು ನಿಂತ ಕಿಟಕಿಗಳಿರುವ ಕೋಣೆಯಲ್ಲಿ ನಡುವೆಯೂ ಮೂಲೆಯಲ್ಲೂ ಕತ್ತಲೆ ಉಳಿಯುತ್ತೆ. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಕಿಟಕಿ ಇಟ್ಟರೆ ಪಕ್ಕದ ಗೋಡೆಗಳೂ ಬೆಳಗುತ್ತವೆ. ಫೋಟೋ ತೆಗೆಯುವವರ ಲೆಕ್ಕದ ಪಟ್ಟಿಯನ್ನೇ ಮುಂದೆ ಹಿಡಿದು, ನಿಂತ ಕಿಟಕಿಯ ಕೋಣೆಗೆ ಹೋಲಿಸಿದರೆ ಅಂಥ ಕೋಣೆಯಲ್ಲಿ ಫೋಟೋಗೆ ನಾಲ್ಕನೇ ಒಂದು ಪಾಲು ಹೊತ್ತು ಬೆಳಕು ತಾಕಿಸಿದರೆ ಸಾಕು ಅಂತ ವಾದಿಸಿದ.

ಇಬ್ಬರೂ ಹೇಳಿದ್ದು ಸರಿಯೇ. ಬೆಳಕು ಕೋಣೆಯ ಒಳಕ್ಕೆ ಎಷ್ಟು ದೂರ ಹೋಗುತ್ತೆ ಅನ್ನೋದನ್ನು ನಿರ್ಧರಿಸೋದು ಕಿಟಕಿಯ ತಲೆ ಎಷ್ಟು ಎತ್ತರದಲ್ಲಿದೆ ಅನ್ನೋದು. ಎಷ್ಟು ಅಗಲಕ್ಕೆ ಸಮನಾಗಿ ಹರಡುತ್ತೆ ಅನ್ನೋದನ್ನು ನಿರ್ಧರಿಸೋದು ಉದ್ದ. ನಾನು ಈ ಕೆಲಸದಲ್ಲಿ ಕಂಡುಕೊಂಡಿರೋದು ಇಷ್ಟು. ಆದರೆ ಇಬ್ಬರೂ ಪ್ಯಾರಿಸ್‌ನಲ್ಲಿ ಕೂತು ಜಗಳ ಆಡಿದವರು. ಅಲ್ಲಿ ಬಿಸಿಲು ಬಂದರೆ ಹಬ್ಬ. ನಮ್ಮ ಕಡೆ ಮಾರ್ಚ್‌ನಲ್ಲಿ ಬಿಸಿಲು ಅಂದರೆ ಏನು ಅಂತ ದುರ್ಗದವರಿಗೆ ಬೇರೆ ಹೇಳಬೇಕಾಗಿಲ್ಲ.

ಮೂರನೇ ದಿನ, ಮಾರ್ಚ್ 20, ದಾವಣಗೆರೆ

ದುರ್ಗದಿಂದ ದಾವಣಗೆರೆಗೆ 60 ಕಿಲೋಮೀಟರ್ ಹತ್ತಿರ. ಬೆಳಗ್ಗೆ ಎಂಟೂವರೆಗೆಲ್ಲ ಇಳಿದೆ. ಬೆಣ್ಣೆ ದೋಸೆ ತಿನ್ನದೆ ಮನೆಗೆ ಹೋದರೆ ಅಕ್ಕನೇ ಬೈತಾಳೆ, ಹಾಗಾಗಿ ಅದನ್ನು ಮುಗಿಸಿಯೇ ಹೋದೆ.

ಅಕ್ಕನ ಸೈಟ್ ಊರಿನ ಅಂಚಿನ ಹೊಸ ಬಡಾವಣೆಯಲ್ಲಿದೆ. ಪಶ್ಚಿಮಕ್ಕೆ ರೋಡು, ರೋಡಿನ ಆಚೆ ಎರಡಂತಸ್ತಿನ ಮನೆ. ಉತ್ತರಕ್ಕೂ ಮನೆ. ದಕ್ಷಿಣಕ್ಕೆ ಬಡಾವಣೆ ಮುಗಿದು ಗದ್ದೆ ಶುರುವಾಗುತ್ತೆ. ಭದ್ರಾ ನಾಲೆಯ ನೀರಿನ ಬೇಸಿಗೆ ಭತ್ತ, ಕಣ್ಣಿಗೆ ತಂಪು ಅನ್ನಿಸುವ ಹಸಿರು, ಆಚೆ ನಾಲೆಯ ಏರಿ, ಏರಿ ಮೇಲೆ ಸಾಲು ತೆಂಗು.

ಕಟ್ಟಡದ ಒಳಗೆ ನಿಂತಾಗ ಮನಸ್ಸಿಗೆ ತುಂಬಾ ಖುಷಿಯಾಯಿತು. ಗೋಡೆ ಇಲ್ಲದ ಮನೆ. ಹನ್ನೆರಡು ಪಿಲ್ಲರ್, ಮೇಲೊಂದು ಚಪ್ಪಡಿ, ನಾಲ್ಕೂ ಕಡೆ ಗಾಳಿ. ನಿನ್ನೆ ನೋಡಿದ ಮಾಳಿಗೆ ಮನೆಯಲ್ಲಿ ಗೋಡೆ ಮೊದಲು ಎದ್ದು, ಅದರ ಮೇಲೆ ಸೂರು ಕೂತಿತ್ತು. ಇಲ್ಲಿ ಸೂರು ಆಗಲೇ ನಿಂತುಬಿಟ್ಟಿದೆ, ಗೋಡೆಯ ಇಟ್ಟಿಗೆ ಇನ್ನೂ ಲಾರಿಯಿಂದ ಇಳಿಯುತ್ತಿದೆ. ಈ ತಿರುವುಮುರುವೇ ಉದ್ದ ಕಿಟಕಿಯ ಹುಟ್ಟು. ಕಾರ್ಬುಸಿಯೆ 1914ರಲ್ಲೇ ಇಂಥದ್ದೊಂದು ಚಿತ್ರ ಬರೆದಿದ್ದ. ಬರೀ ಕಂಬ, ಚಪ್ಪಡಿ, ಮೆಟ್ಟಿಲು, ಒಂದೂ ಗೋಡೆ ಇಲ್ಲ. ಭಾರವನ್ನೆಲ್ಲ ಕಂಬ ಹೊತ್ತ ಮೇಲೆ ಗೋಡೆ ಬರೀ ಮರೆ. ಮರೆಯನ್ನು ಎಲ್ಲಿ ಬೇಕಾದರೂ ಎಷ್ಟು ಉದ್ದ ಬೇಕಾದರೂ ಸೀಳಬಹುದು. ಅಕ್ಕನ ಮನೆಯ ಕಿಟಕಿಯನ್ನು ಪಶ್ಚಿಮದಿಂದ ದಕ್ಷಿಣಕ್ಕೆ ಇವತ್ತು, ಈ ಹಂತದಲ್ಲಿ, ಒಂದು ಪಿಲ್ಲರ್‌ನ್ನೂ ಕದಲಿಸದೆ ಸರಿಸೋಕೆ ಸಾಧ್ಯ ಇರೋದೂ ಅದಕ್ಕೇ.

ಆದರೆ ಸರಿಸಬೇಕು ಅಂತ ಭಾವನಿಗೆ ಹೇಳೋದು ಹೇಗೆ? ಮಾತಿನಲ್ಲಿ ಗೆಲ್ಲೋದು ನನಗೆ ಬೇಕಿರಲಿಲ್ಲ. ಅಕ್ಕನ ಮಗಳು ಒಂಬತ್ತನೇ ಕ್ಲಾಸು, ಅವಳನ್ನು ಕರೆದೆ. ಮೇಸ್ತ್ರಿ ಹತ್ತಿರ ಒಂದು ತುಂಡು ಕಂಬಿ ಕೇಳಿ, ನೆಲದಿಂದ ಸರಿಯಾಗಿ ನಾಲ್ಕು ಅಡಿ ನಿಲ್ಲೋ ಹಾಗೆ ತಾರಸಿಯ ಮೇಲೆ ಮರಳಿನ ಬಕೆಟ್‌ಗೆ ಸಿಕ್ಕಿಸಿದೆವು. ಕಿಟಕಿಯ ಎತ್ತರವೂ ನಾಲ್ಕು ಅಡಿ ಅಲ್ವಾ, ಲೆಕ್ಕ ಸುಲಭ.

"ಮಾಮ, ಹನ್ನೆರಡು ಗಂಟೆಗೆ ನೆರಳು ಎಲ್ಲಕ್ಕಿಂತ ಚಿಕ್ಕದಾಗುತ್ತಲ್ಲ?" ಅಂದಳು. ಇಲ್ಲಿ ಹಾಗಾಗೋದಿಲ್ಲ. ನಮ್ಮ ಗಡಿಯಾರದ ಹೊತ್ತು ಪ್ರಯಾಗ್‌ರಾಜ್ (ಹಿಂದಿನ ಅಲಹಾಬಾದ್) ಹತ್ತಿರ ಹಾದುಹೋಗುವ ರೇಖೆಯದ್ದು. ದಾವಣಗೆರೆ ಅದಕ್ಕಿಂತ ಎಷ್ಟೋ ಪಶ್ಚಿಮಕ್ಕಿದೆ. ಸೂರ್ಯ ಇಲ್ಲಿ ನೆತ್ತಿಗೆ ಬರೋದು ಈ ದಿನಗಳಲ್ಲಿ ಹನ್ನೆರಡೂವರೆ ದಾಟಿದ ಮೇಲೆ. ಇಬ್ಬರೂ ತಲೆಗೆ ಟವೆಲ್ ಹಾಕಿಕೊಂಡು ಕಾದೆವು. ಹನ್ನೆರಡೂ ಮೂವತ್ತೈದಕ್ಕೆ ಟೇಪ್ ಹಿಡಿದಳು. ನೆರಳು ಉತ್ತರಕ್ಕೆ ಬಿದ್ದಿತ್ತು, ಹತ್ತಿರ ಹತ್ತಿರ ಒಂದೇ ಅಡಿ. ಅಂದರೆ ದಕ್ಷಿಣದ ನಾಲ್ಕು ಅಡಿ ಕಿಟಕಿಗೆ ಇವತ್ತು ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಸಜ್ಜಾ ಇದ್ದರೆ ಬಿಸಿಲು ಒಳಗೆ ಬರೋದಿಲ್ಲ. ಹಗಲೂ ರಾತ್ರಿಯೂ ಸಮ ಇರುವ ಈ ದಿನದಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ದಕ್ಷಿಣ ಗೋಡೆಗೆ ಅದೇ ಲೆಕ್ಕ.

ಮುಂದೆ ಬಿಸಿಲು ಜೋರಾದಷ್ಟೂ ಸೂರ್ಯ ಉತ್ತರಕ್ಕೆ ಸರೀತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಈ ಊರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರ್ತಾನೆ, ದಕ್ಷಿಣದ ಕಿಟಕಿಯನ್ನು ನೋಡೋದೇ ಇಲ್ಲ. ಎರಡು ಅಡಿ ಸಜ್ಜಾ ಕೊಟ್ಟರೆ ಫೆಬ್ರವರಿ ನಡುವಿನಿಂದಲೇ ಮಧ್ಯಾಹ್ನದ ಬಿಸಿಲು ಪೂರ್ತಿ ಹೊರಗೆ. ಡಿಸೆಂಬರ್‌ನಲ್ಲಾದರೆ ಸೂರ್ಯ ದಕ್ಷಿಣಕ್ಕೆ ಬಾಗಿರುವಾಗ ಕಿಟಕಿಯ ಕೆಳಗಿನ ಒಂದೂವರೆ ಅಡಿಯಿಂದ ಬಿಸಿಲು ಒಳಗೆ ಬರುತ್ತೆ. ಆ ಚಳಿಗೆ ಅವ್ವನ ಮಂಡಿಗೆ ಅದು ಬೇಕೇ ಬೇಕು.

ಮಧ್ಯಾಹ್ನದ ಮೇಲೆ ಹಳೇ ಊರಿನ ಕಡೆ ಸುತ್ತಾಡಿ ಬಂದೆ. ಮಂಡಿಪೇಟೆ, ಚೌಕಿಪೇಟೆ. ಒಂದು ಕಾಲಕ್ಕೆ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು, ಅಷ್ಟು ಹತ್ತಿ ಗಿರಣಿಗಳು. ಅಪ್ಪ ಅಂಥದ್ದೊಂದು ಗಿರಣಿಯಲ್ಲೇ ದುಡಿದವರು. ಗಿರಣಿಯ ಶೆಡ್ ಅಂದರೆ ಗರಗಸದ ಹಲ್ಲಿನಂಥ ಸೂರು ನನ್ನ ಕಣ್ಣಿಗೆ ಬರುತ್ತೆ. ಒಂದು ಕಡೆ ಇಳಿಜಾರು ಶೀಟು, ಇನ್ನೊಂದು ಕಡೆ ಶೆಡ್ಡಿನ ಉದ್ದಕ್ಕೂ ಗಾಜು. ಗಾಜನ್ನು ಉತ್ತರಕ್ಕೆ ತಿರುಗಿಸಿ ಕಟ್ಟುವುದು ಗಿರಣಿಗಳ ರೂಢಿ, ನೇರ ಬಿಸಿಲು ಬೀಳದೆ ಸಮನಾದ ಬೆಳಕು ಬರಲಿ ಅಂತ. "ನೂಲಿನ ಮೇಲೆ ನೆರಳು ಬಿದ್ರೆ ಎಳೆ ತುಂಡಾಗಿದ್ದು ಕಾಣಂಗಿಲ್ಲ" ಅಂತ ಅಪ್ಪ ಹೇಳ್ತಿದ್ದರು. ಕಾರ್ಬುಸಿಯೆಯ ಮನೆಗಳಿಗಿಂತ ಮೊದಲೇ ಉದ್ದ ಗಾಜು ಕಾರ್ಖಾನೆಗಳಲ್ಲಿತ್ತು. ಅಲ್ಲಿ ಅದನ್ನು ಯಾರೂ ಚೆಂದಕ್ಕೆ ಇಡಲಿಲ್ಲ, ಕೆಲಸಕ್ಕೆ ಇಟ್ಟರು.

ಗಿರಣಿ ಅಂದಾಗ ಅಹಮದಾಬಾದ್ ನೆನಪಾಯಿತು. ಅಲ್ಲಿನ ಗಿರಣಿ ಮಾಲೀಕರ ಸಂಘಕ್ಕೆ ಕಾರ್ಬುಸಿಯೆಯೇ ಕಟ್ಟಡ ಮಾಡಿಕೊಟ್ಟ, 1954ರಲ್ಲಿ ಮುಗಿಯಿತು. ಕೆಲವು ವರ್ಷಗಳ ಹಿಂದೆ ನೋಡೋಕೆ ಅಂತಲೇ ಹೋಗಿದ್ದೆ. ಅಲ್ಲಿ ಬರಿಗಾಜಿನ ಪಟ್ಟಿ ಎದುರಿಗೆ ಕಾಣೋದಿಲ್ಲ. ಎದುರಿಗೆ ಕಾಣೋದು ಕಾಂಕ್ರೀಟಿನ ದಪ್ಪ ಹಲಗೆಗಳು, ಆಳವಾದ ಗೂಡುಗಳ ಹಾಗೆ. ಪೂರ್ವದ ಕಡೆ ನೇರ, ಪಶ್ಚಿಮದ ಕಡೆ ಓರೆ. ಇಳಿಬಿಸಿಲು ತಾಕಬಾರದು, ಗಾಳಿ ಮಾತ್ರ ಬರಬೇಕು. ಯುರೋಪಿನ ತನ್ನ ಮೊದಲ ಮನೆಗಳಲ್ಲಿ ಉದ್ದ ಕಿಟಕಿಯನ್ನು ಬೆತ್ತಲೆ ಬಿಟ್ಟವನು ನಮ್ಮ ಬಿಸಿಲಿನಲ್ಲಿ ಇಷ್ಟು ದಪ್ಪ ಮರೆ ಕಟ್ಟಿದ. ನಮ್ಮ ಬಡಾವಣೆಗಳವರು ಅವನ ಮೊದಲ ಮನೆಗಳ ಚಿತ್ರ ನೋಡ್ತಾರೆ, ಅವನು ಆಮೇಲೆ ತಿದ್ದಿಕೊಂಡು ನಮ್ಮ ದೇಶದಲ್ಲಿ ಕಟ್ಟಿದ್ದನ್ನು ನೋಡೋದಿಲ್ಲ. ನನಗೆ ತುಂಬಾ ಬೇಜಾರಾಗೋದು ಇದೇ ವಿಷಯಕ್ಕೆ. ಹೊಸ ಮನೆಗಳ ಮುಂದೆ ಸಜ್ಜಾ ಅನ್ನೋದೇ ಮಾಯವಾಗ್ತಾ ಇದೆ. ಗೋಡೆಗೆ ಸಮನಾಗಿ ಕಪ್ಪು ಗಾಜು, ಅದರ ಹಿಂದೆ ದಪ್ಪ ಪರದೆ, ಪರದೆಯ ಹಿಂದೆ ಹಗಲಲ್ಲೂ ಲೈಟು, ಮೂಲೆಯಲ್ಲಿ ಏಸಿ. ಹಾಗಾದರೆ ಕಿಟಕಿ ಯಾತಕ್ಕೆ ಇಟ್ಟಿದ್ದು?

ನಾಲ್ಕೂವರೆಗೆ ಭಾವ ಅಂಗಡಿಯಿಂದ ಸೈಟಿಗೆ ಬಂದರು. ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದರು. ಪಶ್ಚಿಮದ ಕಿಟಕಿ ಬರಬೇಕಾದ ಜಾಗದಲ್ಲೇ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಕೂತ ಎರಡು ನಿಮಿಷಕ್ಕೆ ಅವರು ಕೈ ಹಣೆಗೆ ಅಡ್ಡ ಇಟ್ಟುಕೊಂಡರು. ಆಮೇಲೆ ಕುರ್ಚಿ ತಿರುಗಿಸಿದರು. ಆಮೇಲೆ ಎದ್ದು ಪಿಲ್ಲರ್‌ನ ನೆರಳಿಗೆ ಹೋದರು. ಅಷ್ಟರಲ್ಲಿ ಮಗಳು ಮೇಲಿನಿಂದ ಕೂಗಿದಳು, "ಅಪ್ಪಾ, ನಾಲ್ಕು ಅಡಿ ಕಂಬಿಗೆ ಏಳು ಅಡಿ ನೆರಳು!"

ಭಾವ ತಾರಸಿಗೆ ಹತ್ತಿ ಟೇಪ್ ತಾವೇ ಹಿಡಿದು ನೋಡಿದರು. ಪಶ್ಚಿಮದ ಇಳಿಬಿಸಿಲನ್ನು ಈ ಹೊತ್ತಿಗೆ ತಡೆಯಬೇಕು ಅಂದರೆ ಏಳು ಅಡಿ ಸಜ್ಜಾ ಬೇಕು. ಇನ್ನೊಂದು ಗಂಟೆ ಕಳೆದರೆ ಅದೂ ಸಾಕಾಗೋದಿಲ್ಲ. ನಾನು ಬೆಂಗಳೂರಿನಲ್ಲಿ ಬಾಡಿಗೆಗಿರುವ ಮನೆಯ ವಿಷಯ ಆಗ ಹೇಳಿದೆ. ಪಶ್ಚಿಮಕ್ಕೆ ಉದ್ದನೆಯ ಸ್ಲೈಡಿಂಗ್ ಕಿಟಕಿ, ಸಜ್ಜಾ ಇಲ್ಲ. ಬೇಸಿಗೆಯ ಸಂಜೆ ಆ ಕೋಣೆಗೆ ನಾವು ಕಾಲಿಡೋದಿಲ್ಲ. ಮಳೆಗಾಲದಲ್ಲಿ ಎರಚಲು ನೀರು ಹಳಿಯಲ್ಲಿ ತುಂಬುತ್ತೆ, ನೀರು ಹೊರಗೆ ಹೋಗುವ ತೂತುಗಳು ಧೂಳು ಕಟ್ಟಿಕೊಂಡು ಮುಚ್ಚಿಹೋಗಿವೆ, ಎರಡು ಸಲ ಹಾಸಿಗೆಯೇ ನೆನೆದಿದೆ. ಅಷ್ಟು ದೊಡ್ಡ ಕಿಟಕಿ ಇದ್ದೂ ಗಾಳಿ ಬರೋದು ಅರ್ಧಕ್ಕೆ ಮಾತ್ರ, ಯಾಕಂದ್ರೆ ಎರಡು ಹಳಿಯ ಸ್ಲೈಡಿಂಗ್ ಎಷ್ಟು ತೆಗೆದರೂ ಅರ್ಧವೇ ತೆರೆಯುತ್ತೆ.

ಭಾವ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮಿರ್ಚಿ ಮುರೀತಾ ಕೇಳಿದರು, "ಹಂಗಾರ ರೋಡಿನ ಕಡಿ ಏನಿಡೋದು? ಬರೇ ಗ್ವಾಡಿ ಆದ್ರ ಗೋಡೌನ್ ಕಂಡಂಗ ಕಾಣ್ತದಲ್ಲ." ನ್ಯಾಯವಾದ ಪ್ರಶ್ನೆ. ಮನೆ ರೋಡಿಗೂ ಮುಖ ತೋರಿಸಬೇಕು. ಅಲ್ಲಿ ಎರಡು ಸಪೂರ ನಿಂತ ಕಿಟಕಿ ಇಡೋಣ, ಪಕ್ಕಕ್ಕೆ ಗೋಡೆಯಿಂದ ಹೊರಗೆ ಚಾಚಿದ ಹಲಗೆ ಕೊಡೋಣ, ಉಳಿದ ಜಾಗಕ್ಕೆ ಸುಟ್ಟ ಮಣ್ಣಿನ ಜಾಲರಿ, ಮುಂದೆ ಒಂದು ಹೊಂಗೆ ಗಿಡ ಅಂತ ಸಿಮೆಂಟ್ ಚೀಲದ ಹಿಂಬದಿಯಲ್ಲಿ ಬರೆದು ತೋರಿಸಿದೆ. ಆ ಚೀಲವನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ನಾಳಿ ಹೇಳ್ತೀನಿ" ಅಂದರು.

ನಾಲ್ಕನೇ ದಿನ, ಮಾರ್ಚ್ 21, ಹರಿಹರ, ಮತ್ತೆ ಸೈಟು

ಬೆಳಗ್ಗೆ ಅಕ್ಕನ ಮಗಳ ಜೊತೆ ಹರಿಹರಕ್ಕೆ ಹೋದೆ. ಹರಿಹರೇಶ್ವರ ಗುಡಿ 1224ರ ಸುಮಾರಿನದು, ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅರ್ಧ ಶಿವ, ಅರ್ಧ ವಿಷ್ಣು, ಎತ್ತರಕ್ಕೆ ನಿಂತ ಮೂರ್ತಿ. ಕೈ ಮುಗಿದು ಮಂಟಪಕ್ಕೆ ಬಂದು ಕೂತೆವು.

ನೂರು ಸಲ ನೋಡಿದ ಮಂಟಪ. ಆದರೂ ಇವತ್ತೇ ಸರಿಯಾಗಿ ಕಂಡಿದ್ದು. ಇಲ್ಲಿ ಸುತ್ತಲಿನ ಗೋಡೆ ಸೂರಿನವರೆಗೆ ಹೋಗೋದೇ ಇಲ್ಲ. ಅರ್ಧಕ್ಕೆ ನಿಲ್ಲುತ್ತೆ. ಅದರ ಮೇಲೆ ಗಿಡ್ಡ ಕಂಬಗಳು, ಕಂಬದ ಮೇಲೆ ಸೂರು, ಸೂರಿನಿಂದ ಹೊರಗೆ ಚಾಚಿದ ಕಲ್ಲಿನ ಸಜ್ಜಾ. ಗೋಡೆಗೂ ಸೂರಿಗೂ ನಡುವೆ ಮಂಟಪದ ಸುತ್ತ ತೆರೆದ ಪಟ್ಟಿ. ಕಲ್ಲು ಬಾಗೋದಿಲ್ಲ ಅನ್ನೋದು ಅವರಿಗೂ ಗೊತ್ತಿತ್ತು. ಅದಕ್ಕೆ ಹತ್ತಿರ ಹತ್ತಿರ ಕಂಬ ಕೊಟ್ಟು ಭಾರವನ್ನು ಕಂಬಕ್ಕೆ ದಾಟಿಸಿದರು. ಒಳಗೆ ತಂಪು, ನೆರಳು, ಆದರೂ ಕಡೆದ ಕಂಬಗಳ ಬಳೆ ಬಳೆಯೂ ಕಾಣುವಷ್ಟು ಬೆಳಕು. ಹೊರಗಿನ ಕಲ್ಲುಹಾಸಿಗೆ ಬಿದ್ದ ಬಿಸಿಲು ಪುಟಿದು ಸಜ್ಜಾದ ಅಡಿಗೆ ತಾಗಿ ಒಳಗೆ ಇಳೀತಿತ್ತು. ನೇರ ಬಿಸಿಲು ಒಂದು ಚೂರೂ ಇಲ್ಲ.

ಗೋಡೆಗುಂಟ ಒಳಗಡೆ ಕಲ್ಲಿನ ಆಸನ ಇದೆ, ಇಂಥದ್ದಕ್ಕೆ ಕಕ್ಷಾಸನ ಅಂತಾರೆ. ಒಬ್ಬ ಅಜ್ಜಿ ಕಾಲು ಮೇಲೆತ್ತಿಕೊಂಡು, ಬೆನ್ನು ಒರಗಿಸಿ, ಮುಖ ಹೊರಗೆ ತಿರುಗಿಸಿ ಹೂವಿನ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಅವರನ್ನು ನೋಡಿದ ತಕ್ಷಣ ಅಕ್ಕನ ನಕ್ಷೆಯಲ್ಲಿ ಏನು ತಪ್ಪಿದೆ ಅಂತ ಹೊಳೆಯಿತು. ಕಿಟಕಿ ನೆಲದಿಂದ ಮೂರು ಅಡಿ ಮೇಲೆ ಶುರುವಾಗುತ್ತೆ. ಅವ್ವ ಕುರ್ಚಿ ಮೇಲೆ ಕೂರುವವಳಲ್ಲ, ನೆಲಕ್ಕೆ ಕೂರುವವಳು. ನೆಲದಲ್ಲಿ ಕೂತರೆ ಅವಳ ಕಣ್ಣು ಇರೋದು ಎರಡೂಕಾಲು ಅಡಿಯಲ್ಲಿ. ದಕ್ಷಿಣಕ್ಕೆ ಸರಿಸಿದರೂ, 14 ಅಡಿ ಉದ್ದ ಇಟ್ಟರೂ ಅವಳಿಗೆ ಕಾಣೋದು ಗೋಡೆ ಮತ್ತು ಸಜ್ಜಾ. ಟೇಪ್ ಬ್ಯಾಗಿನಲ್ಲೇ ಇತ್ತು. ಅಜ್ಜಿಯನ್ನು ಕೇಳಿ ಪಕ್ಕದಲ್ಲಿ ನಾನೇ ಕೂತು ಅಳೆಸಿಕೊಂಡೆ.

ಬರುವಾಗ ಬಸ್ಸಿನಲ್ಲಿ ಹುಡುಗಿಗೆ ಕಾರ್ಬುಸಿಯೆ ತನ್ನ ಅಪ್ಪ ಅಮ್ಮನಿಗೆ ಕಟ್ಟಿದ ಮನೆಯ ಕಥೆ ಹೇಳಿದೆ. ಸ್ವಿಟ್ಜರ್ಲೆಂಡಿನಲ್ಲಿ ಜಿನೀವಾ ಸರೋವರದ ದಡ, 1923-24. ಜಾಗ ಸಿಗುವ ಮೊದಲೇ ನಕ್ಷೆ ಬರೆದು ಜೇಬಿನಲ್ಲಿಟ್ಟುಕೊಂಡು ಆ ನಕ್ಷೆಗೆ ಒಪ್ಪುವ ಜಾಗ ಹುಡುಕಿದ. ಮನೆ ತೀರಾ ಸಣ್ಣದು, ಅಗಲ ನಾಲ್ಕೇ ಮೀಟರ್. ಆದರೆ ಸರೋವರದ ಕಡೆ 11 ಮೀಟರ್ ಉದ್ದದ ಕಿಟಕಿ, ದಕ್ಷಿಣಕ್ಕೆ. ಅಪ್ಪ ಅಲ್ಲಿ ಬದುಕಿದ್ದು ಸ್ವಲ್ಪ ದಿನ, 1926ರಲ್ಲಿ ತೀರಿಕೊಂಡರು. ಅಮ್ಮ 1960ರವರೆಗೆ ಅದೇ ಮನೆಯಲ್ಲಿದ್ದರು. ಅಂದರೆ ಆ ಉದ್ದ ಕಿಟಕಿಯ ಎದುರು ಒಬ್ಬ ತಾಯಿ ಮೂವತ್ತೈದು ವರ್ಷಕ್ಕೂ ಜಾಸ್ತಿ ಬಾಳಿದಳು. ಅದೇ ಮನೆಯ ತೋಟದ ಗೋಡೆಯಲ್ಲಿ ಅವನು ಒಂದು ಚೌಕದ ಕಿಟಕಿಯನ್ನೂ ಕೊರೆದಿದ್ದಾನೆ, ಪಕ್ಕದಲ್ಲಿ ಕೂತು ಉಣ್ಣೋಕೆ ಕಾಂಕ್ರೀಟಿನ ಮೇಜು. ಎಲ್ಲ ಕಡೆಯೂ ನೋಟ ತೆರೆದಿಟ್ಟರೆ ಕಣ್ಣು ದಣಿಯುತ್ತೆ, ಅಲ್ಲಲ್ಲಿ ಮುಚ್ಚಬೇಕು ಅಂತ ಅವನಿಗೆ ಗೊತ್ತಿತ್ತು. "ಅವರಮ್ಮನೂ ನೆಲಕ್ಕೆ ಕೂರ್ತಿದ್ರಾ ಮಾಮ?" ಅಂತ ಕೇಳಿದಳು. ಇಲ್ಲಮ್ಮ, ಅವರದ್ದೆಲ್ಲ ಕುರ್ಚಿಯ ಎತ್ತರ ಅಂದೆ.

ಮೂರು ಗಂಟೆಗೆ ಅವ್ವನನ್ನು ಆಟೋದಲ್ಲಿ ಸೈಟಿಗೆ ಕರೆದುಕೊಂಡು ಬಂದೆವು. ಭಾವ ಆಗಲೇ ಅಲ್ಲಿದ್ದರು, ಕೈಯಲ್ಲಿ ಸಿಮೆಂಟ್ ಚೀಲದ ಚೂರು. ಮೇಸ್ತ್ರಿಗೆ ಜಾಲರಿ ಲೆಕ್ಕ ಕೇಳ್ತಿದ್ದರು. ಅಕ್ಕ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು.

ದಕ್ಷಿಣಕ್ಕೆ 14 ಅಡಿ ಅಂದರೆ ಪಿಲ್ಲರ್‌ನಿಂದ ಪಿಲ್ಲರ್‌ಗೆ ಪೂರ್ತಿ. "ಆಗ್ತದ ಸಾರ್, ಲಿಂಟಲ್ಲು ಸಜ್ಜಾ ಕೂಡಿಸಿ ಹಾಕ್ಬೇಕು, ಪಿಲ್ಲರ್‌ಗೆ ತೂತು ಹೊಡ್ದು ಕಂಬಿ ಕುಂದ್ರಿಸ್ಬೇಕು. ಸೆಂಟ್ರಿಂಗ್ ಒಂದಿನ ಜಾಸ್ತಿ ಹಿಡೀತದ" ಅಂದರು ಮೇಸ್ತ್ರಿ. ಎರಡು ಅಡಿ ಸಜ್ಜಾ ಮುಂದಕ್ಕೆ ಜಗ್ಗುತ್ತೆ, ಲಿಂಟಲ್ ತಿರುಚಿಕೊಳ್ಳಬಾರದು. ಅದಕ್ಕೆ ಕಂಬಿ ಎಷ್ಟು ಅಂತ ಇಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿಯೇ ಮಾಡಿ ಅಂತ ಒತ್ತಿ ಹೇಳಿದೆ. ಸ್ಲೈಡಿಂಗ್ ಬೇಡ ಅಂತಲೂ ಆಯಿತು. ನಡುವೆ ತೆರೆಯದ ಗಾಜು, ಎರಡು ತುದಿಗೆ ಮೂರು ಮೂರು ಅಡಿಯ ತೆರೆಯುವ ಕದ. ಗಾಳಿ ಬಂದರೆ ಸಾಲದು, ಹೊರಗೆ ಹೋಗೋಕೂ ದಾರಿ ಬೇಕು, ಹಾಗಾಗಿ ಎದುರಿನ ಉತ್ತರ ಗೋಡೆಯ ಮೇಲ್ಭಾಗದಲ್ಲಿ ಎರಡು ಬೆಳಕಿಂಡಿ.

ಆಮೇಲೆ ಅವ್ವನ ಆಸನ. ಕಿಟಕಿಯ ಕೆಳಗೆ ಗೋಡೆಗುಂಟ ಒಂದೂವರೆ ಅಡಿ ಎತ್ತರ, ಎರಡು ಅಡಿ ಅಗಲದ ಕಟ್ಟೆ. ಮೇಲೆ ಕಡಪ ಕಲ್ಲು. ಮೇಸ್ತ್ರಿ ಸಿಮೆಂಟ್ ಬ್ಲಾಕುಗಳನ್ನು ಜೋಡಿಸಿ ಅಷ್ಟೇ ಎತ್ತರದ ಕಟ್ಟೆ ಮಾಡಿಕೊಟ್ಟರು, ಮೇಲೆ ಒಂದು ಸೆಂಟ್ರಿಂಗ್ ಹಲಗೆ. ಕಿಟಕಿ ಶುರುವಾಗುವ ಎತ್ತರಕ್ಕೆ ಎರಡು ಪಿಲ್ಲರ್‌ಗೂ ದಾರ ಕಟ್ಟಿದರು, ಸಜ್ಜಾ ಬರುವ ಎತ್ತರಕ್ಕೆ ಇನ್ನೊಂದು ದಾರ. ಅಕ್ಕನ ಹೆಗಲು ಹಿಡಿದು ಅವ್ವ ಹತ್ತಿ ಕೂತಳು. ಒಂದು ಕಾಲು ಮಡಚಿ, ನೋವಿನ ಕಾಲು ಮುಂದಕ್ಕೆ ಚಾಚಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಕಾಣ್ತದನವ್ವಾ?" ಅಂತ ಅಕ್ಕ ಕೇಳಿದಳು.

ಅವ್ವ ಉತ್ತರ ಕೊಡಲಿಲ್ಲ. ಮೇಸ್ತ್ರಿ ನೆಲದಿಂದ ಅವಳ ಕಣ್ಣಿನವರೆಗೆ ಟೇಪ್ ಹಿಡಿದು ಮೂರು ಅಡಿ ಎಂಟು ಇಂಚು ಅಂತ ಪಿಲ್ಲರ್ ಮೇಲೆ ಪೆನ್ಸಿಲ್‌ನಲ್ಲಿ ಗೀಟು ಎಳೆದರು. ಭಾವ ದಾರವನ್ನು ಬೆರಳಲ್ಲಿ ಹಿಡಿದು ಎರಡು ಇಂಚು ಕೆಳಗೆ ಇಳಿಸಿದರು. "ಇನ್ನೊಂಚೂರು" ಅಂದಳು ಅವ್ವ. ಇನ್ನೂ ಎರಡು ಇಂಚು ಇಳಿಸಿದರು. ಗದ್ದೆಯ ಬದುವಿನ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ಕೂತಿದ್ದವು. ಅವ್ವ ಕೈ ಎತ್ತಿ ಒಂದು ತುದಿಯಿಂದ ಎಣಿಸೋಕೆ ಶುರು ಮಾಡಿದಳು.